ಆಸ್ಪತ್ರೆಯಲ್ಲಿ ರೋಗಿಯ ನಿದ್ರೆ

ಔಷಧ, ಪಥ್ಯ, ವಿಶ್ರಾಂತಿ, ಈ ಮೂರೂ ರೋಗಿಗೆ ಅವಶ್ಯಕವೆಂಬುದು ಸರ್ವವಿದಿತ. ವಿಶ್ರಾಂತಿಯಲ್ಲಿ ನಿದ್ರೆಯೇ ಮುಖ್ಯವಾದುದು. ಆದರೆ ಆಸ್ಪತ್ರೆಯನ್ನು ಸೇರಿದವನಿಗೆ ಮೊದಲ ರಾತ್ರಿಯಿಂದಲೇ ದುರ್ಲಭವಾಗುವುದೂ ಅದೇ. ನೋವಿರುವಾಗ ನಿದ್ರೆ ಎಲ್ಲಿಂದ ಬಂದೀತು ಎಂದು ನಾವು ಸುಮ್ಮನಾಗುತ್ತೇವೆ. ನಿದ್ರಾಭಂಗಕ್ಕೆ ರೋಗವೊಂದೇ ಕಾರಣವೆ?

ನೆದರ್ಲೆಂಡ್ಸ್ ದೇಶದಲ್ಲಿ 2017ರ ಫೆಬ್ರವರಿ 22ರಂದು, ಒಂದೇ ದಿನ, 39 ಆಸ್ಪತ್ರೆಗಳ 2,005 ರೋಗಿಗಳನ್ನು ಹಿಂದಿನ ರಾತ್ರಿಯ ನಿದ್ರೆಯ ವಿಷಯವಾಗಿ ವಿಚಾರಿಸಲಾಯಿತು. ಮನೆಯಲ್ಲಿ ನಿದ್ರಿಸುತ್ತಿದ್ದುದಕ್ಕಿಂತ ಅವರು ಸರಾಸರಿ 83 ನಿಮಿಷ ಕಡಮೆ ನಿದ್ರಿಸಿದ್ದರು. ಬೆಳಗಿನಲ್ಲಿ 44 ನಿಮಿಷ ಮುಂಚಿತವಾಗಿ ಎದ್ದಿದ್ದರು. ತಮ್ಮನ್ನು ಎಬ್ಬಿಸಿದವರು ಆಸ್ಪತ್ರೆಯ ಸಿಬ್ಬಂದಿಯೇ ಎಂದವರು ಏಳುನೂರಕ್ಕೂ ಹೆಚ್ಚು ಮಂದಿ! ನಿದ್ರೆ ಕೆಡಿಸಿದ ಕಾರಣಗಳಲ್ಲಿ ನೋವೂ ಶೌಚಕ್ಕೆ ಏಳಬೇಕಾದುದೂ ಇದ್ದವು, ನಿಜ. ಅವುಗಳ ಜೊತೆಗೆ ನೆರೆಯ ರೋಗಿಗಳ ಸದ್ದು ಮತ್ತು ಯಂತ್ರಗಳ ಸದ್ದೂ ಇದ್ದವು.

ಈ ಸದ್ದಿನ ವಿಚಾರವನ್ನು ತುಸು ವಿವರವಾಗಿ ನೋಡೋಣ. ರಾತ್ರಿ ವೇಳೆ ವಾರ್ಡಿನೊಳಗಿನ ಸರಾಸರಿ ಶಬ್ದ 30 ಡೆಸಿಬೆಲ್ಲುಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಸೂಚಿಸಿತು. ಇದು ಪಿಸುಮಾತಿನ ಮಟ್ಟ. ಆದರೆ ಶಬ್ದದ ಪ್ರಮಾಣವಷ್ಟೇ ಮುಖ್ಯವಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ, ಮಲಗಿದ್ದ 12 ಮಂದಿ ಆರೋಗ್ಯವಂತರಿಗೆ ಆಸ್ಪತ್ರೆಯ ನಾನಾ ಸದ್ದುಗಳನ್ನು ಧ್ವನಿಮುದ್ರಿಕೆಯಿಂದ ಕೇಳಿಸಿದರು. ಉಳಿದ ಸದ್ದುಗಳಿಗಿಂತ ದೂರವಾಣಿಯ ಕರೆ, ಯಂತ್ರಗಳ ಎಚ್ಚರಿಕೆಯ ನಾದ ಮುಂತಾದುವು ಮೆಲ್ಲಗಿದ್ದಾಗಲೂ ನಿದ್ರೆಯನ್ನು ಹೆಚ್ಚಾಗಿ ಕಲಕಿದುವು. ಎಚ್ಚರವಾದ ಕ್ಷಣಗಳಲ್ಲಿ ಹೃದಯದ ಬಡಿತವೂ ಏರಿತು. ಇದರಲ್ಲಿ ಆಶ್ಚರ್ಯವೇನು? ಎಚ್ಚರಿಕೆಯ ನಾದ ಎಚ್ಚರಿಸುವುದಕ್ಕೆಂದೇ ರಚಿತವಾದುದು. ದಾದಿ ಯಾರು, ರೋಗಿ ಯಾರು ಎಂಬುದನ್ನು ಅದು ಬಲ್ಲುದೆ?

ಬೆಳಕಿನದು ಇನ್ನೊಂದು ಬಗೆಯ ತೊಡಕು. ಕತ್ತಲಾದೊಡನೆ ಮಿದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ರಸವನ್ನು ಸ್ರವಿಸಿ, ಇದು ರಾತ್ರಿಯೆಂದು ದೇಹಕ್ಕೆ ತಿಳಿಸುತ್ತದೆ. ಇರುಳೆಲ್ಲ ಪ್ರಖರವಾದ ದೀಪಗಳು ಉರಿಯುತ್ತಿದ್ದರೆ ಆ ಸ್ರಾವ ಕುಗ್ಗುತ್ತದೆ. ಕೆಲವು ಔಷಧಗಳೂ ಇದೇ ಗುಂಪಿಗೆ ಸೇರುತ್ತವೆ. ಸಂಜೆ ಕೊಟ್ಟ ಮೂತ್ರವರ್ಧಕ ನಡುರಾತ್ರಿ ಏಳಿಸುತ್ತದೆ. ಸಂಜೆ ಕೊಟ್ಟ ಸ್ಟೆರಾಯ್ಡ್ ಕಣ್ಣು ಮುಚ್ಚಗೊಡದು. ವೈದ್ಯರು ಒಪ್ಪಿದಲ್ಲಿ ಅವನ್ನು ಬೆಳಗಿಗೆ ಬದಲಾಯಿಸುವುದುಂಟು.

ವೃದ್ಧರ ವಿಷಯದಲ್ಲಂತೂ ಇದು ಕೇವಲ ಆಯಾಸದ ಮಾತಲ್ಲ. ನಿದ್ರೆಗೆಟ್ಟ ವೃದ್ಧರಿಗೆ ಸನ್ನಿ ಹಿಡಿಯುವ ಸಂಭವ ಹೆಚ್ಚು. ಅದಕ್ಕೆಂದು ನಿದ್ರೆಗುಳಿಗೆ ಕೊಟ್ಟರೆ ಸನ್ನಿ ಉಲ್ಬಣಿಸಲೂಬಹುದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 70 ವರ್ಷ ದಾಟಿದ 852 ರೋಗಿಗಳನ್ನು ಪರೀಕ್ಷಿಸಿ 1999ರಲ್ಲಿ ವರದಿ ಪ್ರಕಟಿಸಿದರು. ಇವರಲ್ಲಿ ಅರ್ಧದಷ್ಟು ಮಂದಿಗೆ ಮಲಗುವ ವೇಳೆಗೆ ಬಿಸಿ ಹಾಲು, ಬೆನ್ನು ನೀವುವಿಕೆ, ಹಿತವಾದ ಸಂಗೀತ, ವಾರ್ಡಿನಲ್ಲಿ ಮೌನ, ಮದ್ದಿನ ವೇಳೆಯಲ್ಲಿ ಮಾರ್ಪಾಟು. ಹಗಲಿನಲ್ಲಿ ನಡೆದಾಡಿಸುವುದು, ಮಾತನಾಡಿಸುವುದು ಮೊದಲಾದ ಇತರ ಕ್ರಮಗಳೂ ಜೊತೆಗಿದ್ದುದರಿಂದ ಫಲವೆಲ್ಲ ನಿದ್ರೆಯದೇ ಎನ್ನುವಂತಿಲ್ಲ. ಆದರೂ ಸಾಮಾನ್ಯ ಉಪಚಾರ ಪಡೆದವರಲ್ಲಿ ಶೇಕಡ 15ರಷ್ಟು ಮಂದಿಗೆ ಸನ್ನಿ ಹಿಡಿದರೆ, ಇವರಲ್ಲಿ ಅದು ಶೇಕಡ 9.9ಕ್ಕೆ ಇಳಿಯಿತು, ನಿದ್ರೆಗುಳಿಗೆಗಳ ಬಳಕೆಯೂ ಕಡಮೆಯಾಯಿತು.