ಐಐಎಂ ಅರ್ಜಿಗೆ ಜೂನ್‌ನಿಂದಲೇ ಸಿದ್ಧತೆ

ಐಐಎಂಗಳಲ್ಲಿ ಎಂಬಿಎ ಓದಬೇಕೆನ್ನುವವರು ಬರೆಯುವ ಕ್ಯಾಟ್ ಪರೀಕ್ಷೆ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತದೆ. ಹೆಚ್ಚಿನವರ ಗಮನವೆಲ್ಲ ಆ ಎರಡು ಗಂಟೆಗಳ ಮೇಲೆಯೇ. ಆದರೆ ಬೆಂಗಳೂರು ಐಐಎಂ ಸಂದರ್ಶನಕ್ಕೆ ಕರೆಯುವಾಗ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿಯ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಾಗಾಗಿ ತಯಾರಿ ಹೀಗಿರಲಿ.

1. ಅರ್ಹತೆ: ಪದವಿಯಲ್ಲಿ ಶೇ 50 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ ಹಾಗೂ ಅಂಗವಿಕಲರಿಗೆ ಶೇ 45 ಸಾಕು. ಅಂತಿಮ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು.

2. ಪ್ರಮಾಣಪತ್ರ: ನಮ್ಮ ವಿದ್ಯಾರ್ಥಿಗಳು ಹೆಚ್ಚು ಎಚ್ಚರ ವಹಿಸಬೇಕಾದದ್ದು ಇಲ್ಲಿ. ರಾಜ್ಯದ 2ಎ, 3ಬಿ ಮುಂತಾದ ಪ್ರವರ್ಗಗಳ ಪ್ರಮಾಣಪತ್ರ ಐಐಎಂಗೆ ನಡೆಯದು. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ, ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವನ್ನು ಕೇಂದ್ರದ ನಮೂನೆಯಲ್ಲೇ ತಹಶೀಲ್ದಾರರಿಂದ ಪಡೆಯಿರಿ. ನೋಂದಣಿ ಮುಗಿದ ಮೇಲೆ ವರ್ಗ ಬದಲಿಸಲು ಅವಕಾಶವಿಲ್ಲ.

3. ಅರ್ಜಿ: ನೋಂದಣಿ ಸಾಮಾನ್ಯವಾಗಿ ಆಗಸ್ಟ್ ಆರಂಭದಲ್ಲಿ ಶುರುವಾಗಿ ಸೆಪ್ಟೆಂಬರ್‌ನಲ್ಲಿ ಮುಗಿಯುತ್ತದೆ. ಒಂದೇ ಶುಲ್ಕದಲ್ಲಿ ಎಲ್ಲ ಐಐಎಂಗಳನ್ನೂ ಆರಿಸಿಕೊಳ್ಳಬಹುದು. ಆದರೆ ಬೇಕಾದ ಕೋರ್ಸುಗಳನ್ನು ನೀವೇ ಗುರುತು ಮಾಡಬೇಕು. ಕ್ಯಾಟ್ ಅಂಕ ಒಪ್ಪುವ ಬೇರೆ ಸಂಸ್ಥೆಗಳಿಗೆ ಪ್ರತ್ಯೇಕ ಅರ್ಜಿ ಹಾಕಬೇಕು.

4. ಪರೀಕ್ಷೆ: ಇಂಗ್ಲಿಷ್ ಓದು, ದತ್ತಾಂಶ ಮತ್ತು ತರ್ಕ, ಗಣಿತ ಎಂಬ ಮೂರು ವಿಭಾಗಗಳಿಗೂ ತಲಾ 40 ನಿಮಿಷ. ಸರಿಯುತ್ತರಕ್ಕೆ 3 ಅಂಕ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪಿದರೆ 1 ಅಂಕ ಹೋಗುತ್ತದೆ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗುವುದನ್ನು ಅಣಕು ಪರೀಕ್ಷೆಗಳಲ್ಲೇ ರೂಢಿಸಿಕೊಳ್ಳಿ.

5. ನಿಮ್ಮ ಕಥೆ: ಸಂದರ್ಶನದಲ್ಲಿ ‘ಎಂಬಿಎ ಏಕೆ?’ ಎಂಬ ಪ್ರಶ್ನೆ ತಪ್ಪದು. ‘ನನ್ನಲ್ಲಿ ನಾಯಕತ್ವ ಗುಣವಿದೆ’ ಎಂದರೆ ಸಾಲದು. ಅಪ್ಪನ ಅಡಿಕೆ ಮಂಡಿಯ ಲೆಕ್ಕ ನೋಡಿಕೊಂಡಿದ್ದರೆ, ಅಲ್ಲಿ ಕಂಡ ಒಂದು ಸಮಸ್ಯೆ, ಅದಕ್ಕೆ ನೀವು ಮಾಡಿದ ಕೆಲಸ, ಅದರಿಂದಾದ ಬದಲಾವಣೆ ಇವನ್ನು ಹೇಳಿ. ಇಂಥ ನಾಲ್ಕೈದು ಪ್ರಸಂಗಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಅವನ್ನೇ ದಿನವೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ. ಪದವಿಯಲ್ಲಿ ಓದಿದ ವಿಷಯದ ಮೂಲಪಾಠಗಳನ್ನೂ ಮರೆಯಬೇಡಿ. ಪ್ರಶ್ನೆ ಅಲ್ಲಿಂದಲೂ ಬರುತ್ತದೆ.

ಹತ್ತನೇ ತರಗತಿಯ ಅಂಕವನ್ನು ಈಗ ತಿದ್ದಲಾಗದು. ಆದರೆ ಕಾಗದಪತ್ರ, ಅಭ್ಯಾಸ ಮತ್ತು ನಿಮ್ಮ ಮಾತು ಇನ್ನೂ ನಿಮ್ಮ ಕೈಯಲ್ಲಿವೆ. ನವೆಂಬರ್‌ವರೆಗೆ ಕಾಯದೆ ಈ ವಾರವೇ ತಾಲ್ಲೂಕು ಕಚೇರಿಗೆ ಹೋಗಿ ಬನ್ನಿ.