ದೊಡ್ಡ ಊರು ಯಾವುದು? ದೇಶದೇಶಗಳ ಅಳತೆಗಳು

ಚೊಳಚಗುಡ್ಡದ ಬಾಲಕನಿಗೆ ಬಾದಾಮಿಯೇ ಪೇಟೆ. ಬಾದಾಮಿಯವನ ಕಣ್ಣಿಗೆ ಬಾಗಲಕೋಟೆ ದೊಡ್ಡದು. ಬಾಗಲಕೋಟೆಯವನಿಗೆ ಹುಬ್ಬಳ್ಳಿ ದೊಡ್ಡದು. ಹುಬ್ಬಳ್ಳಿಯವನಾದರೋ ಬೆಂಗಳೂರು, ಮುಂಬಯಿಗಳ ಕಡೆಗೆ ಬೆರಳು ತೋರಿಸುವನು. ಹೀಗೆ 'ದೊಡ್ಡ ಊರು' ಎಂಬುದು ನೋಡುವವನು ನಿಂತ ನೆಲವನ್ನು ಅವಲಂಬಿಸಿದ ಮಾತು. ಒಂದು ನಾಡಿನೊಳಗೇ ಇಷ್ಟು ಭೇದವಿರುವಾಗ ದೇಶದೇಶಗಳ ನಡುವೆ ಎಷ್ಟಿರಬೇಡ! ಭೂಗೋಳದ ಪುಸ್ತಕದಲ್ಲಿ 'ನಗರ' ಎಂಬ ಒಂದೇ ಶಬ್ದವನ್ನು ಓದುವ ವಿದ್ಯಾರ್ಥಿಯು, ಆ ಶಬ್ದದ ಹಿಂದಿರುವ ಅಳತೆ ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ಮೊದಲು ತಿಳಿಯಬೇಕು.

ಕನ್ನಡದಲ್ಲಿ ಊರು, ಪೇಟೆ, ಪಟ್ಟಣ, ನಗರ, ಮಹಾನಗರ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರುಗಳಿವೆ. ಫ್ರೆಂಚರ ಬಳಿ ಸಣ್ಣ ಪಟ್ಟಣಕ್ಕೂ ಪ್ಯಾರಿಸಿಗೂ 'ವಿಲ್' ಎಂಬ ಒಂದೇ ಶಬ್ದ ಸಲ್ಲುತ್ತದೆ. ಜರ್ಮನರು ಒಂದು ಲಕ್ಷ ಜನರಿರುವ ಊರನ್ನು 'ದೊಡ್ಡ ನಗರ' ಎಂದು ಕರೆಯುತ್ತಾರೆ. ಈ ಗೆರೆಯನ್ನು 1887ರಲ್ಲಿ ಸಂಖ್ಯಾಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಭೆಯು ಎಳೆಯಿತು. ಬ್ರಿಟನ್ನಿನ ರೀತಿಯೇ ಬೇರೆ. ಅಲ್ಲಿ 'ಸಿಟಿ' ಎಂಬ ಪದವಿಯನ್ನು ಕೊಡುವುದು ಜನಸಂಖ್ಯೆಯಲ್ಲ, ಅರಸೊತ್ತಿಗೆ. ಎರಡು ಸಾವಿರ ಜನರೂ ಇಲ್ಲದ ವೇಲ್ಸಿನ ಸೇಂಟ್ ಡೇವಿಡ್ಸ್ 'ಸಿಟಿ' ಎನಿಸಿಕೊಂಡಿದೆ. ಒಂದೂವರೆ ಲಕ್ಷಕ್ಕೂ ಮಿಕ್ಕಿ ಜನರಿರುವ ರೆಡಿಂಗ್ ಇನ್ನೂ ಪಟ್ಟಣವೇ. ಲಂಡನ್ನಿನ ಹೃದಯದಲ್ಲಿರುವ 'ಸಿಟಿ ಆಫ್ ಲಂಡನ್' 2021ರ ಗಣತಿಯಲ್ಲಿ ಒಂಬತ್ತು ಸಾವಿರದೊಳಗಿನ ನಿವಾಸಿಗಳ ಊರು. ಅದನ್ನು ಸುತ್ತುವರಿದ ಮಹಾ ಲಂಡನ್ನಿನ ಜನಸಂಖ್ಯೆ 88 ಲಕ್ಷ.

ಸಂಖ್ಯೆಯನ್ನೇ ಅಳತೆಯಾಗಿ ಹಿಡಿದ ದೇಶಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಡೆನ್ಮಾರ್ಕಿನಲ್ಲಿ ಮನೆಗಳು ಒತ್ತಾಗಿದ್ದು 200 ಜನರಿದ್ದರೆ ಸಾಕು, ಅಂಕಿಅಂಶಗಳ ಪಟ್ಟಿಯಲ್ಲಿ ಅದು ನಗರಪ್ರದೇಶ. ಜಪಾನಿನಲ್ಲಿ ನಗರದ ಪದವಿಗೆ 50 ಸಾವಿರ ಜನರು ಬೇಕು. ಚೀನದಲ್ಲಿ 2014ರ ವರ್ಗೀಕರಣದಂತೆ 5 ಲಕ್ಷಕ್ಕಿಂತ ಕಡಿಮೆ ಜನರ ನಗರ 'ಸಣ್ಣ ನಗರ'. 10 ಲಕ್ಷ ದಾಟಿದ ಬಳಿಕವೇ 'ದೊಡ್ಡ ನಗರ'. ಈ ಅಳತೆಗೋಲುಗಳನ್ನು ನಮ್ಮ ಸೀಮೆಗೆ ತಂದಿಟ್ಟು ನೋಡಿದರೆ ವಿನೋದವೂ ಇದೆ, ವಿಚಾರವೂ ಇದೆ. ಡೆನ್ಮಾರ್ಕಿನ ಲೆಕ್ಕದಲ್ಲಿ ಚೊಳಚಗುಡ್ಡವು ನಿಸ್ಸಂದೇಹವಾಗಿ ನಗರಪ್ರದೇಶ. 2011ರ ಗಣತಿಯಲ್ಲಿ ಸುಮಾರು 60 ಸಾವಿರ ಜನರಿದ್ದ ಇಳಕಲ್ಲು ಜಪಾನಿನ ಸಂಖ್ಯೆಯನ್ನು ದಾಟುತ್ತದೆ. ಅದೇ ಗಣತಿಯಲ್ಲಿ ಒಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದ ಹುಬ್ಬಳ್ಳಿ-ಧಾರವಾಡವು ಚೀನದಲ್ಲಿದ್ದಿದ್ದರೆ ಕೇವಲ 'ಮಧ್ಯಮ ನಗರ'ವೆನಿಸುತ್ತಿತ್ತು.

ಭಾರತದ ಅಳತೆ ಇವೆಲ್ಲಕ್ಕಿಂತ ಭಿನ್ನ. ಪುರಸಭೆ, ನಗರಸಭೆ ಮುಂತಾದವುಗಳಿರುವ ಊರುಗಳು ಕಾನೂನಿನಿಂದಲೇ ಪಟ್ಟಣಗಳು. ಅವಿಲ್ಲದ ಊರನ್ನು ಗಣತಿಯವರು ಪಟ್ಟಣವೆಂದು ಎಣಿಸಬೇಕಾದರೆ 1961ರಿಂದ ಮೂರು ನಿಯಮಗಳಿವೆ: ಒಂದು, ಕನಿಷ್ಠ 5 ಸಾವಿರ ಜನಸಂಖ್ಯೆ, ಎರಡು, ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ, ಮೂರು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಬೇಸಾಯದ ಹೊರಗಿನ ವೃತ್ತಿಯಲ್ಲಿರಬೇಕು.

ಮೂರನೆಯ ನಿಯಮದ ಔಚಿತ್ಯವನ್ನು ಬಯಲುಸೀಮೆಯವರು ಸುಲಭವಾಗಿ ಅರಿಯಬಲ್ಲರು. ಇಲ್ಲಿ ಒಕ್ಕಲಿಗರು ಹೊಲದಲ್ಲಿ ಮನೆ ಕಟ್ಟದೆ ಊರೊಳಗೆ ಒತ್ತಾಗಿ ವಾಸಿಸಿ, ಬೆಳಗಾದರೆ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗುವುದು ರೂಢಿಯಾಗಿ ಬಂದಿದೆ. ಆದುದರಿಂದ ತಲೆ ಎಣಿಸಿದ ಮಾತ್ರಕ್ಕೆ ಇಂತಹ ಊರು ಪಟ್ಟಣವಾಗದು. ಅಲ್ಲಿನ ಕಾಯಕವನ್ನೂ ನೋಡಬೇಕು. ಆದರೆ ಈ ನಿಯಮದಲ್ಲಿ ಒಂದು ಕೊರತೆಯೂ ಇದೆ. ನೇಕಾರಿಕೆಗೆ ಹೆಸರಾದ ಇಳಕಲ್ಲು, ಗುಳೇದಗುಡ್ಡಗಳ ಸೀಮೆಯಲ್ಲಿ ನೂಲು ಸುತ್ತುವ, ಮಗ್ಗಕ್ಕೆ ನೆರವಾಗುವ ಹೆಣ್ಣುಮಕ್ಕಳ ದುಡಿಮೆ ಆ 75ರ ಲೆಕ್ಕದೊಳಗೆ ಬರುವುದೇ ಇಲ್ಲ.

ಜನರು ಎಲ್ಲಿಗೂ ಹೋಗದೆಯೇ ಊರು ಪಟ್ಟಣವಾಗುವುದಕ್ಕೆ ಕೇರಳವೇ ಸಾಕ್ಷಿ. 2001ರಲ್ಲಿ ಅಲ್ಲಿ ನಗರವಾಸಿಗಳ ಪ್ರಮಾಣ ನೂರಕ್ಕೆ 26ರಷ್ಟಿತ್ತು. 2011ರಲ್ಲಿ ಅದು ಸುಮಾರು 48ಕ್ಕೆ ಏರಿತು. ಬೇಸಾಯವನ್ನು ಬಿಟ್ಟು ಬೇರೆ ವೃತ್ತಿ ಹಿಡಿದವರು ಹೆಚ್ಚಾದುದರಿಂದ ನೂರಾರು ಗ್ರಾಮಗಳು ಗಣತಿಯ ಪಟ್ಟಣಗಳಾದುದೇ ಇದರ ಮುಖ್ಯ ಕಾರಣ. ಹಾಗೆಯೇ ಅಳತೆ ಬದಲಾದರೆ ಜಗತ್ತಿನ ಮೊದಲ ಸ್ಥಾನವೂ ಕೈಬದಲಾಗುತ್ತದೆ. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಟೋಕಿಯೋ ಜಗತ್ತಿನ ಅತಿ ದೊಡ್ಡ ನಗರವಾಗಿತ್ತು. ಎಲ್ಲ ದೇಶಗಳಿಗೂ ಸಮಾನವಾದ ಸಾಂದ್ರತೆಯ ಅಳತೆಯನ್ನು ಬಳಸಿದ 2025ರ ವರದಿಯಲ್ಲಿ ಜಕಾರ್ತ ಮೊದಲನೆಯದಾಯಿತು, ಟೋಕಿಯೋ ಮೂರನೆಯದಾಯಿತು.

ಹಾಗಾದರೆ ಹೆಸರಿನಲ್ಲೇನಿದೆ ಎಂದು ಕೇಳಬಹುದು. ಹೆಸರಿನಲ್ಲಿಯೇ ಬಹಳವಿದೆ. ಗ್ರಾಮವೋ ಪಟ್ಟಣವೋ ಎಂಬುದರ ಮೇಲೆ ಆಡಳಿತ ಸಂಸ್ಥೆ, ತೆರಿಗೆ, ಅನುದಾನ, ನೀರು ಮತ್ತು ನೈರ್ಮಲ್ಯದ ಏರ್ಪಾಡುಗಳು ನಿರ್ಧಾರವಾಗುತ್ತವೆ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುತ್ತದೆ. ಅಲ್ಲಿಂದ ಮುಂದೆ ವಾರಗಟ್ಟಲೆ ಜಾತ್ರೆ ನಡೆಯುತ್ತದೆ. ನಾಟಕ ಕಂಪನಿಗಳು ಡೇರೆ ಹೂಡುತ್ತವೆ. ಬಾಗಿಲು ಚೌಕಟ್ಟುಗಳ ವ್ಯಾಪಾರ ಸಾಲುಗಟ್ಟುತ್ತದೆ. ಲಕ್ಷಾಂತರ ಜನರು ಬಂದು ಹೋಗುತ್ತಾರೆ. ಆ ದಿನಗಳಲ್ಲಿ ಊರು ಸಾಂದ್ರತೆಯಲ್ಲಿ, ವ್ಯಾಪಾರದಲ್ಲಿ, ಮನರಂಜನೆಯಲ್ಲಿ ನಗರವೇ ಸರಿ. ಆದರೆ ಕಡತದಲ್ಲಿ ಅದು ಗ್ರಾಮ. ಅಷ್ಟು ಜನರಿಗೆ ಕುಡಿಯುವ ನೀರು, ಬೆಳಕು, ಕಸ ವಿಲೇವಾರಿಗಳು ನಗರದ ಪ್ರಮಾಣದಲ್ಲಿ ಬೇಕು. ಊರಿನ ಸ್ವಂತ ಬಲವಾದರೋ ಗ್ರಾಮದ ಪ್ರಮಾಣದ್ದು. ಗಣತಿಗೆ ಈ ಭಾರವು ಕಾಣಿಸದು.

ಕಾಲದ ಅಳತೆಯನ್ನೂ ಇಲ್ಲಿಯೇ ನೋಡಬಹುದು. 543ರ ಶಾಸನದಲ್ಲಿ ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದುದನ್ನು ಹೇಳುವ ವಾತಾಪಿಯು ಎರಡು ಶತಮಾನಗಳಷ್ಟು ಕಾಲ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆಯಿತು; ಇಂದಿನ ಬಾದಾಮಿ ಪುರಸಭೆಯ ಪಟ್ಟಣ. ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘಕ್ಕೆ ಹೆಸರನ್ನಿತ್ತ ಐಹೊಳೆ ಇಂದು ಒಂದು ಗ್ರಾಮ. ಆದರೆ ಆ ಸಂಘವನ್ನು ಹೆಸರಿಸುವ 1088ರ ತಮಿಳು ಶಾಸನವೊಂದು ಕಡಲಾಚೆಯ ಸುಮಾತ್ರಾ ದ್ವೀಪದ ಬರೂಸಿನಲ್ಲಿ ದೊರೆತಿದೆ. ಮನೆಗಳ ಸಂಖ್ಯೆಯಿಂದ ಐಹೊಳೆಯು ಎಂದಿಗೂ ಇಂದಿನ ನಗರಗಳಿಗೆ ಸಾಟಿಯಾಗಿರಲಾರದು. ದೂರದವರೊಡನೆ ಅದು ಇರಿಸಿಕೊಂಡ ಕೊಡುಕೊಳೆಯೇ ಅದನ್ನು ದೊಡ್ಡದು ಮಾಡಿತು.

ಆದುದರಿಂದ ಯಾವ ಊರನ್ನಾದರೂ 'ದೊಡ್ಡದು' ಎಂದು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳುವುದನ್ನು ತರಗತಿಯಲ್ಲಿ ರೂಢಿಸಬೇಕು. ಯಾವ ಅಳತೆಯಿಂದ ದೊಡ್ಡದು? ಆ ಅಳತೆಯನ್ನು ಇಟ್ಟವರು ಯಾರು, ಯಾವ ಉದ್ದೇಶಕ್ಕೆ? ಆ ಅಳತೆಯಲ್ಲಿ ಎಣಿಕೆಗೆ ಬಾರದೆ ಉಳಿದವರು ಯಾರು? ಶಿಕ್ಷಕರು ಮಕ್ಕಳನ್ನು ಒಂದು ದಿನ ಜಾತ್ರೆಯ ಬೀದಿಗೂ, ಇನ್ನೊಂದು ದಿನ ಜಾತ್ರೆ ಮುಗಿದ ಅದೇ ಬೀದಿಗೂ ಕರೆದೊಯ್ದು ಅಂಗಡಿಗಳನ್ನು, ನೀರಿನ ನಲ್ಲಿಗಳನ್ನು ಎಣಿಸಲು ಹೇಳಿದರೆ, ಈ ಪಾಠವು ಪುಸ್ತಕವಿಲ್ಲದೆಯೇ ಮನದಟ್ಟಾಗುತ್ತದೆ. ಓದಿ ದೂರದ ಮಹಾನಗರಗಳನ್ನು ಸೇರಿದ ಹಳೆಯ ವಿದ್ಯಾರ್ಥಿಗಳಿಗೂ ಇದು ಸಲ್ಲುವ ಮಾತು. ಕೋಟಿ ಜನರ ನಡುವೆ ಬಾಳುವಾಗ ಹುಟ್ಟಿದ ಊರು ಸಣ್ಣದಾಗಿ ತೋರುವುದು ಸಹಜ. ಆದರೆ ಸಣ್ಣದಾದುದು ಊರೋ, ಕೈಯಲ್ಲಿ ಹಿಡಿದ ಅಳತೆಗೋಲೋ ಎಂಬುದನ್ನು ಒಮ್ಮೆ ವಿಚಾರಿಸುವುದು ಲೇಸು.