ಅಕ್ಕಡಿ ಸಾಲು ಕಲಿಸಿದ ಪಾಠ

ನಮ್ಮ ಕನ್ನಡ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ಇಲ್ಲಿ ಪಾಠ ಹೇಳಿದ ನಾನು ತಡವಾಗಿ ಕಲಿತ ಒಂದು ಪಾಠವನ್ನು ಓದುಗರ ಮುಂದಿಡಬಯಸುತ್ತೇನೆ.

ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರ್ಪಟ್ಟವು. ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಹೊಲಗಳು ಈ ಮೂರು ಜಿಲ್ಲೆಗಳ ಹೆಸರನ್ನೂ ಕಂಡಿವೆ. ಆ ಹೊಲಗಳಲ್ಲಿ ನಮ್ಮ ಹಿರಿಯರು ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹರಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುತ್ತಿದ್ದರು, ಅಂಚಿಗೆ ಹುಚ್ಚೆಳ್ಳು. ರಾಗಿ ಕೊಯ್ದ ಮೇಲೂ ಅವರೆ ಇಬ್ಬನಿಯಲ್ಲಿ ಹೂ ಬಿಡುತ್ತಿತ್ತು. ಕಾಳಿನ ಬೆಳೆಗಳು ಮಣ್ಣಿಗೆ ಸಾರಜನಕವನ್ನು ಕೂಡಿಸುತ್ತಿದ್ದವು. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತಿತ್ತು. ಮಳೆ ಕೈಕೊಟ್ಟರೂ ಯಾವುದಾದರೊಂದು ಬೆಳೆ ಕೈಗೆ ಹತ್ತುತ್ತಿತ್ತು.

ಉಪಾಧ್ಯಾಯನಾದ ಹೊಸತರಲ್ಲಿ ನಾನು ಶಾಲೆಯ ಕೈತೋಟದ ಅಣ್ಣೆ, ಗೋಣಿ, ಹೊನಗೊನ್ನೆ ಸೊಪ್ಪುಗಳನ್ನೆಲ್ಲ ಕಳೆಯೆಂದು ಮಕ್ಕಳಿಂದ ಕೀಳಿಸಿದೆ. ನಮ್ಮ ತಾಯಿಯವರು ಅವನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ, ಬೆರಕೆ ಸೊಪ್ಪಿನ ಸಾರು ಮಾಡಿ, “ಮೇಷ್ಟ್ರೇ, ಕಳೆ ಊಟ ಮಾಡಿ” ಎಂದು ಬಡಿಸಿದರು. ಅಂದು ನಕ್ಕೆ. ಅವರು ತೀರಿಕೊಂಡ ಮೇಲೆ ಅದೇ ಸೊಪ್ಪುಗಳನ್ನು ಗುರುತಿಸಲು ಹೊರಟಾಗ, ಅರ್ಧದಷ್ಟರ ಹೆಸರೂ ನನಗೆ ತಿಳಿದಿರಲಿಲ್ಲ. ಕೊಳವೆಬಾವಿ, ಟೊಮೆಟೊ, ಗುಲಾಬಿ ಬಂದ ಹೊಲಗಳಲ್ಲಿ ಅಕ್ಕಡಿ ಹೋಯಿತು. ಅದರೊಡನೆ ಬೆರಕೆ ಸೊಪ್ಪೂ ಹೋಯಿತು.

ಹಾಗೆಂದು ಬದಲಾವಣೆಯೇ ಕೆಡುಕೆನ್ನಲಾಗದು. ನಮ್ಮದೆನ್ನುವ ರಾಗಿ, ಹುಚ್ಚೆಳ್ಳುಗಳ ಮೂಲನೆಲೆಯೇ ಆಫ್ರಿಕ. ಹಿರಿಯರು ಹೊಸ ಬೀಜವನ್ನು ಒಲ್ಲೆನ್ನಲಿಲ್ಲ. ಹಳೆಯದರ ಪಕ್ಕದಲ್ಲಿ ಅದಕ್ಕೊಂದು ಸಾಲು ಕೊಟ್ಟರು. ಹಳೆಯದನ್ನು ಪೂರ್ತಿ ಕಿತ್ತು ಒಂದನ್ನೇ ಬೆಳೆದಾಗ ಮಾತ್ರ ವೈವಿಧ್ಯ ಅಳಿಯುತ್ತದೆ.

ಹಿಂದೆ ಸೇಲಂ ಜಿಲ್ಲೆಯಲ್ಲಿದ್ದು 1997ರಲ್ಲಿ ನಾಮಕ್ಕಲ್ ಜಿಲ್ಲೆಗೆ ಸೇರಿದ ಕೊಲ್ಲಿಮಲೆ ಇದಕ್ಕೆ ನಿದರ್ಶನ. ಅಲ್ಲಿನ ಮಲಯಾಳಿ ಎಂಬ ಗಿರಿಜನರು ಕೇರಳದವರಲ್ಲ. ತಮಿಳು ನುಡಿಯುವ ಮಲೆಯ ಮಕ್ಕಳು. ಸಾಮೆ, ನವಣೆ, ರಾಗಿಗಳ ಹಲವು ನಾಡತಳಿಗಳನ್ನು ಅವರು ಕಾಪಾಡಿಕೊಂಡು ಬಂದಿದ್ದರು. ಸೇಲಂ ಸೀಮೆಯ ಸಬ್ಬಕ್ಕಿ ಕಾರ್ಖಾನೆಗಳಿಗಾಗಿ ಮರಗೆಣಸು ಬೆಟ್ಟವೇರಿದಾಗ ಸಾಮೆಯ ಹೊಲಗಳು ಕುಗ್ಗಿದವು. ಮರಗೆಣಸು ನಗದು ತಂದಿತು. ಸಾಮೆಯನ್ನಾದರೋ ಹೆಂಗಸರು ಒರಳಿನಲ್ಲಿ ಕುಟ್ಟಿ ಬೇಸತ್ತಿದ್ದರು. 1990ರ ದಶಕದಿಂದ ಅಲ್ಲಿ ದುಡಿದ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಬೀಜಭಂಡಾರಗಳ ಜೊತೆಗೆ ಹೊಟ್ಟು ಬಿಡಿಸುವ ಸಣ್ಣ ಯಂತ್ರಗಳನ್ನೂ ಒದಗಿಸಿತು. ಬೀಜವನ್ನು ಉಳಿಸಿದರೆ ಸಾಲದು. ಅದನ್ನು ಉಣ್ಣುವ ದಾರಿಯೂ ಸುಗಮವಾಗಬೇಕೆಂಬುದು ಇದರ ತಾತ್ಪರ್ಯ.

ಬೆಳೆ, ಅಡುಗೆ, ಹೆಸರು ಈ ಮೂರೂ ಕೂಡಿದ್ದರೆ ಅರಿವು ಬಾಳುತ್ತದೆ. ಹೆಸರನ್ನು ಕಾಯುವ ಹೊಣೆ ಕನ್ನಡ ಶಾಲೆಯದು. ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ನಿಮ್ಮ ಮನೆಯ ಅಜ್ಜಿಯರಿಗೆ ತಿಳಿದಿರುವ ಸೊಪ್ಪುಗಳ ಹೆಸರು, ಗುರುತು, ಅಡುಗೆಯ ಬಗೆಗಳನ್ನು ಬರೆದು ಶಾಲೆಗೆ ಕೊಡಿ. ಕೈತೋಟದಲ್ಲಿ ಮಕ್ಕಳು ಒಂದು ಅಕ್ಕಡಿ ಸಾಲು ಬಿತ್ತಲಿ. ಅಂದು ನಾನು ಕೀಳಿಸಿದ್ದನ್ನು ಅವರು ಮತ್ತೆ ಬೆಳೆಸಿದರೆ, ನಾನು ತಾಯಿಗೆ ಉಳಿಸಿಕೊಂಡ ಸಾಲ ತುಸುವಾದರೂ ತೀರುತ್ತದೆ.